ಚಿಕ್ಕಮ್ಮ, ಕುಮಾರ ಪರ್ವತಕ್ಕೆ ಆ ದೊಡ್ಡ ಬೂಟು ಬೇಡ

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡಿದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಅಡುಗೆ ಮಾಡುತ್ತಾ ಕೇಳಿ. ನವೆಂಬರ್ ಕೊನೆಗೆ ಗೆಳತಿಯರ ಜೊತೆ ಕುಮಾರ ಪರ್ವತ, ಕುಕ್ಕೆ ಕಡೆಯಿಂದ ಹತ್ತಿ ಅದೇ ದಿನ ಇಳಿಯುವುದು, ಅಲ್ವಾ? ಕಾಲಿನ ಗಂಟು ಮುಚ್ಚುವ ಬೂಟು, 50 ಲೀಟರಿನ ಬ್ಯಾಗು, ದಪ್ಪ ಜಾಕೆಟ್ಟು ಮೂರೂ ಬೇಕೇ ಬೇಕು ಅಂತ ಅಂಗಡಿಯಲ್ಲಿ ಹೇಳಿದರು, ತಗೊಳ್ಳಲಾ ಅಂತ ಕೇಳಿದ್ದೀರಿ. ಮೂರೂ ಬೇಡ. ಮಂಡಿ ನೋವಿದೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ ತೂಕ ಇಳಿಸುವುದೇ ನಿಮ್ಮ ಮೊದಲ ಕೆಲಸ.

ಕಾಲಿನಿಂದ ಶುರು ಮಾಡೋಣ. ಒಂದು ಕಿಲೋ ಕಾಲಿನಲ್ಲಿದ್ದರೆ ಬೆನ್ನ ಮೇಲೆ ನಾಲ್ಕೈದು ಕಿಲೋ ಹೊತ್ತಷ್ಟು ಸುಸ್ತು. ಸೈನಿಕರ ಬೂಟುಗಳನ್ನಿಟ್ಟು ಪರೀಕ್ಷೆ ಮಾಡಿದವರು ಕಂಡುಕೊಂಡದ್ದು ಇದು. ಕಾರಣ ಸರಳ. ಬ್ಯಾಗು ಬೆನ್ನಿಗೆ ಅಂಟಿಕೊಂಡು ಸುಮ್ನೆ ಬರುತ್ತದೆ. ಕಾಲನ್ನು ಪ್ರತಿ ಹೆಜ್ಜೆಗೂ ಎತ್ತಬೇಕು, ಮುಂದೆ ಬೀಸಬೇಕು, ಮತ್ತೆ ನಿಲ್ಲಿಸಬೇಕು. ಕುಕ್ಕೆಯಿಂದ ತುದಿಗೆ ಹೋಗಿ ಬರಲು 20 ಕಿಲೋಮೀಟರಿಗೂ ಜಾಸ್ತಿ. ಎಷ್ಟು ಸಾವಿರ ಹೆಜ್ಜೆ ಅಂತ ನೀವೇ ಯೋಚಿಸಿ. ಚರ್ಮದ ಬೂಟಿನ ಜೋಡಿ ಒಂದು ಕಿಲೋ ದಾಟುತ್ತದೆ. ಟ್ರೇಲ್ ರನ್ನಿಂಗ್ ಶೂ ಅಂತ ಕೇಳಿ, ಕಾಡುದಾರಿಯಲ್ಲಿ ಓಡುವವರು ಹಾಕುವ ಹಗುರ ಶೂ ಅದು, ಜೋಡಿ 600 ಗ್ರಾಂ ಆಸುಪಾಸು ಇರುತ್ತದೆ. ತಳದಲ್ಲಿ ಹಲ್ಲು ಇರಲಿ, ಬಂಡೆಯ ಮೇಲೆ ಜಾರಬಾರದು. ವಾಟರ್‌ಪ್ರೂಫ್ ಅಂದರೆ ಬೇಡ ಅನ್ನಿ. ತೊರೆಯಲ್ಲಿ ಕಾಲಿಟ್ಟರೆ ನೀರು ಮೇಲಿನಿಂದ ಒಳಗೆ ಬರುತ್ತದೆ, ಆಮೇಲೆ ಹೊರಗೆ ಹೋಗುವುದಿಲ್ಲ. ಜಾಲರಿ ಬಟ್ಟೆಯ ಶೂ ನಡೆಯುತ್ತಾ ನಡೆಯುತ್ತಾ ಒಣಗುತ್ತದೆ.

ಶೂ ಕೊಳ್ಳಲು ಸಂಜೆ ಹೋಗಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಬೆಟ್ಟಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ನೋಡಿ. ಬೆರಳುಗಳ ಮುಂದೆ ಕೈಯ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಉಗುರಿಗೆ ಹೊಡೆತ ಬೀಳುತ್ತದೆ, ಉಗುರು ಕಪ್ಪಾಗುವುದು ಹಾಗೆಯೇ. ಅದಕ್ಕೇ ಹೋಗುವ ಮೊದಲು ಉಗುರು ಕತ್ತರಿಸಿ. ತುದಿಯಿಂದ ಇಳಿಯಲು ಶುರು ಮಾಡುವಾಗ ಲೇಸು ಬಿಚ್ಚಿ ಮೇಲ್ಗಡೆ ಬಿಗಿಯಾಗಿ ಕಟ್ಟಿ. ಹೊಸ ಶೂ ಈಗಿನಿಂದಲೇ ಹಾಲು ತರಲು, ದೇವಸ್ಥಾನಕ್ಕೆ ಹೋಗಲು ಹಾಕಿಕೊಂಡು ಓಡಾಡಿ.

ಈ ವಯಸ್ಸಿನಲ್ಲಿ ಆಗುತ್ತದಾ ಅಂತಲೂ ಕೇಳಿದ್ದೀರಿ. ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಅಂತ ಒಬ್ಬರಿದ್ದರು. ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, 67ನೇ ವಯಸ್ಸಿನಲ್ಲಿ, 3,000 ಕಿಲೋಮೀಟರಿಗೂ ಉದ್ದದ ಅಪಲೇಚಿಯನ್ ಟ್ರೇಲ್ ಅನ್ನುವ ಬೆಟ್ಟದ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಕಾಲಿಗೆ ಕ್ಯಾನ್ವಾಸ್ ಶೂ. ಹೆಗಲಿಗೆ ತಾವೇ ಹೊಲಿದುಕೊಂಡ ಚೀಲ. ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ನನಗೆ ಅವರ ಮೇಲೆ ತುಂಬಾ ಗೌರವ. ಅವರ ಚೀಲ ಅಷ್ಟು ಚಿಕ್ಕದಿತ್ತು, ಅದಕ್ಕೇ ಆ ವಯಸ್ಸಿನಲ್ಲಿ ಅಷ್ಟು ದೂರ ಸಾಧ್ಯವಾಯಿತು ಅಂತ ನನ್ನ ನಂಬಿಕೆ.

ಇನ್ನು ಬಟ್ಟೆ. ಜೀನ್ಸ್ ಬೇಡ, ಕಾಟನ್ ಟಾಪ್ ಬೇಡ. ಮನೆಯಲ್ಲಿ ಕಾಟನ್ ತಂಪು, ಸರಿ. ಹತ್ತುವಾಗ ಅದು ಬೆವರು ಕುಡಿದು ಭಾರ ಆಗುತ್ತದೆ, ಬೇಗ ಒಣಗುವುದೂ ಇಲ್ಲ. ಆಮೇಲೆ ತುದಿಗೆ ಮೊದಲು ಸಿಗುವ ಶೇಷ ಪರ್ವತದ ಹತ್ತಿರ ಗಾಳಿ ಬೀಸಿದಾಗ ಮೈ ನಡುಗುತ್ತದೆ. ಮಕ್ಕಳು ಕ್ರಿಕೆಟ್ಟಿಗೆ ಹಾಕುವ ಪಾಲಿಯೆಸ್ಟರ್ ಟೀ ಶರ್ಟ್ ಇದೆಯಲ್ಲ, ಅದರಲ್ಲೇ ತುಂಬು ತೋಳಿನದು ಸಾಕು. ಒಳ ಉಡುಪೂ ಅದೇ ತರಹದ್ದಾದರೆ ತೊಡೆ ಉಜ್ಜಿ ಉರಿಯುವುದು ಕಡಿಮೆ. ತೆಳ್ಳನೆಯ ಟ್ರ್ಯಾಕ್ ಪ್ಯಾಂಟ್ ಹಾಕಿ. ದುಪಟ್ಟಾ ಬೇಡ, ಮುಳ್ಳಿಗೆ ಸಿಕ್ಕಿಕೊಳ್ಳುತ್ತದೆ.

ದಪ್ಪ ಜಾಕೆಟ್ಟಿನ ಬದಲು ತೆಳ್ಳನೆಯ ಫ್ಲೀಸ್ (ಮೆತ್ತನೆಯ ಹಗುರ ಸ್ವೆಟರ್ ತರಹದ್ದು) ಒಂದು, ಅದರ ಮೇಲೆ ಗಾಳಿ ಮಳೆ ತಡೆಯುವ ಹಗುರ ಜಾಕೆಟ್ ಒಂದು. ಎರಡು ಪದರದ ನಡುವೆ ನಿಂತ ಗಾಳಿಯೇ ಬೆಚ್ಚಗಿಡುವುದು. ಹತ್ತುವಾಗ ಎರಡನ್ನೂ ಬಿಚ್ಚಿ ಒಳಗಿಡಿ, ನಿಂತ ಕೂಡಲೇ ಹಾಕಿಕೊಳ್ಳಿ. ನಮ್ಮ ಮಲೆನಾಡಿನಲ್ಲಿ ಗದ್ದೆಗೆ ಹೋಗುವವರು ಕಂಬಳಿ ಕೊಪ್ಪೆ ಹಾಕುತ್ತಿದ್ದುದೂ ಸುಮ್ನೆ ಅಲ್ಲ, ಉಣ್ಣೆ ಒದ್ದೆಯಾದರೂ ಬಿಸಿ ಬಿಡುವುದಿಲ್ಲ. ಆದ್ದರಿಂದ ಸಾಕ್ಸ್ ಉಣ್ಣೆ ಬೆರೆತದ್ದು ಸಿಕ್ಕರೆ ತಗೊಳ್ಳಿ. ದುಡ್ಡು ಖರ್ಚು ಮಾಡುವುದಾದರೆ ಅಲ್ಲಿ ಮಾಡಿ. ಮಳೆ ಬಂದಿದ್ದರೆ, ದಾರಿ ಮಧ್ಯೆ ಸಿಗುವ ಭಟ್ಟರ ಮನೆವರೆಗಿನ ಕಾಡಿನಲ್ಲಿ ಉಂಬಳ (ಜಿಗಣೆ) ಇರುತ್ತವೆ. ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ಸೇರಿಸಿ, ಚಿಕ್ಕ ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡಿರಿ.

ಬ್ಯಾಗು 20 ಲೀಟರಿನದು ಸಾಕು. ದೊಡ್ಡದಿದ್ದರೆ ಏನಾದರೂ ತುಂಬಬೇಕು ಅನಿಸುತ್ತದೆ, ಅದು ಎಲ್ಲರಿಗೂ ಆಗುವುದೇ. ಸೊಂಟಕ್ಕೆ ಕಟ್ಟುವ ಪಟ್ಟಿ ಇರಲಿ, ಕಟ್ಟಿಕೊಂಡರೆ ಹೆಗಲಿನ ಭಾರ ಸೊಂಟಕ್ಕೆ ಇಳಿಯುತ್ತದೆ. ಒಳಗೆ ಒಂದು ದೊಡ್ಡ ಪ್ಲಾಸ್ಟಿಕ್ ಕವರ್ ಹಾಕಿ ಅದರೊಳಗೆ ಸಾಮಾನು ಇಟ್ಟರೆ ಮಳೆಗೆ ಬೇರೆ ಕವರ್ ಬೇಕಿಲ್ಲ.

ಈಗ ಅಡುಗೆಮನೆಯ ತಕ್ಕಡಿ ತೆಗೆಯಿರಿ. ಒಂದೊಂದು ವಸ್ತುವನ್ನೂ ಅದರ ಮೇಲಿಟ್ಟು ನೋಡಿ. ಪೌಡರ್ ಡಬ್ಬ, ಬಾಚಣಿಗೆ, ದಪ್ಪ ಟವೆಲ್ಲು, ಊಟದ ಸ್ಟೀಲ್ ಡಬ್ಬಿ, ಎಲ್ಲ. ಟವೆಲ್ ಬದಲು ಒಂದು ಕರ್ಚೀಫ್. ಸ್ಟೀಲ್ ಡಬ್ಬಿ ಬದಲು ಬಾಳೆ ಎಲೆಯಲ್ಲಿ ಚಪಾತಿ, ಚಟ್ನಿಪುಡಿ. ಶೇಂಗಾ ಚಿಕ್ಕಿ ಕಡಿಮೆ ತೂಕಕ್ಕೆ ಜಾಸ್ತಿ ಶಕ್ತಿ ಕೊಡುತ್ತದೆ. ನಿಮ್ಮ ತೂಕ 55 ಕಿಲೋ ಅಂದರೆ ನೀರೂ ಸೇರಿ ಬ್ಯಾಗು ಐದೂವರೆ ಕಿಲೋ ದಾಟಬಾರದು, ಹತ್ತನೇ ಒಂದು ಪಾಲು. ಎಲ್ಲಕ್ಕಿಂತ ಭಾರ ನೀರೇ, ಲೀಟರಿಗೆ ಒಂದು ಕಿಲೋ. ಕೆಳಗಿನ ಕಾಡು ನೆರಳು, ಅಲ್ಲಿಗೆ ಒಂದು ಲೀಟರ್ ಸಾಕು. ಭಟ್ಟರ ಮನೆ ಹತ್ತಿರ ಮೂರು ಲೀಟರ್ ತುಂಬಿಸಿಕೊಳ್ಳಿ. ಅಲ್ಲಿಂದ ಮುಂದೆ ಬೋಳು ಹುಲ್ಲುಗಾವಲು, ಬಿಸಿಲು ನೇರ ನೆತ್ತಿಗೆ. ಇದರಲ್ಲಿ ಮಾತ್ರ ಜಿಪುಣತನ ಬೇಡ. ತಲೆಗೆ ದೊಡ್ಡ ಅಂಚಿನ ಟೋಪಿ, ಮತ್ತೆ ಹಣೆಗೆ ಕಟ್ಟುವ ಟಾರ್ಚ್, ಇವೆರಡನ್ನೂ ಬಿಡಬೇಡಿ. ಇಳಿಯುವುದು ತಡವಾದರೆ ಕಾಡಿನೊಳಗೆ ಬೇಗ ಕತ್ತಲಾಗುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುವುದು.

ಕೊನೆಗೆ ಮಂಡಿ. 1,712 ಮೀಟರ್ ಎತ್ತರದ ತುದಿಯಿಂದ ಕುಕ್ಕೆಗೆ ಇಳಿಯುವುದೇ ನಿಮಗೆ ಕಷ್ಟ. ಊರುಗೋಲು ಎರಡು ಇದ್ದರೆ ಭಾರದ ಒಂದು ಪಾಲು ಕೈ ಹೊರುತ್ತದೆ. ಮಡಚುವ ಹಗುರ ಕೋಲು ನನ್ನ ಹತ್ತಿರ ಒಂದು ಜೋಡಿ ಇದೆ, ಕೊಳ್ಳಬೇಡಿ. ಭಾನುವಾರ ತಂದು ಕೊಡುತ್ತೇನೆ, ಎತ್ತರ ಹೊಂದಿಸುವುದನ್ನು ನಿಮ್ಮ ಮನೆ ಮೆಟ್ಟಿಲ ಮೇಲೇ ತೋರಿಸುತ್ತೇನೆ. ಅಷ್ಟರೊಳಗೆ ಬ್ಯಾಗಿನ ತೂಕ ಎಷ್ಟು ಬಂತು ಅಂತ ಇಲ್ಲೇ ಹಾಕಿ.