ಸಂಬಳಕ್ಕೆ ಮಾಡುವ ಕೆಲಸಕ್ಕೂ ಧನ್ಯವಾದ ಹೇಳಬೇಕೆ?

ಪ್ರಶ್ನೆ:
ನಾನು ಲೆಕ್ಕಪತ್ರ ವಿಭಾಗವೊಂದರ ಹೊಣೆ ಹೊತ್ತಿದ್ದೇನೆ. ತಿಂಗಳ ಲೆಕ್ಕ ಮುಗಿದಾಗಲೆಲ್ಲ ಜೊತೆಯಲ್ಲಿ ದುಡಿದವರಿಗೆ ಇಮೇಲ್ ಮೂಲಕ ಧನ್ಯವಾದ ತಿಳಿಸುವುದು ನನ್ನ ರೂಢಿ. ಇತ್ತೀಚೆಗೆ ಹಿರಿಯ ಸಹೋದ್ಯೋಗಿಯೊಬ್ಬರು, "ಸಂಬಳ ಪಡೆದು ಮಾಡುವ ಕೆಲಸಕ್ಕೆ ಧನ್ಯವಾದವೇಕೆ? ಪದೇ ಪದೇ ಹೇಳಿದರೆ ಆ ಮಾತಿಗೆ ಬೆಲೆಯೇ ಉಳಿಯುವುದಿಲ್ಲ" ಎಂದರು. ಅವರು ಒರಟು ಸ್ವಭಾವದವರಲ್ಲ, ಹಾಗಾಗಿ ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸು ಬರುತ್ತಿಲ್ಲ. ಮನೆಯಲ್ಲಂತೂ ನಾವು ಒಬ್ಬರಿಗೊಬ್ಬರು ಹೀಗೆ ಹೇಳಿಕೊಳ್ಳುವುದೇ ಅಪರೂಪ, ಆದರೂ ಅಲ್ಲಿ ಪ್ರೀತಿಗೆ ಕೊರತೆಯಿಲ್ಲ. ಹಾಗಾದರೆ ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳುವುದರಿಂದ ನಿಜವಾಗಿ ಆಗುವ ಪ್ರಯೋಜನವೇನು?

ಮೊದಲ ಉತ್ತರ:
ಸಂಬಳ ಸಲ್ಲುವುದು ಒಪ್ಪಿಕೊಂಡ ಕೆಲಸಕ್ಕೆ. ಆದರೆ ಒಪ್ಪಂದದಲ್ಲಿ ಬರೆದಷ್ಟರಿಂದಲೇ ನಡೆಯುವ ಕಚೇರಿ ಯಾವುದೂ ಇಲ್ಲ. ಹೊಸಬರು ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಾಗ ಬೇಸರಿಸದೆ ವಿವರಿಸುವುದು, ತಾಳೆಯಾಗದ ಮೊತ್ತವನ್ನು ತಮ್ಮ ಪಾಲಿನದಲ್ಲದಿದ್ದರೂ ಕುಳಿತು ಹುಡುಕುವುದು, ರಜೆಗೆ ಹೋಗುವ ಮುನ್ನ ಉಳಿದವರಿಗೆ ತೊಡಕಾಗದಂತೆ ಟಿಪ್ಪಣಿ ಬರೆದಿಡುವುದು, ಇವೆಲ್ಲ ವೇತನ ಚೀಟಿಯಲ್ಲಿ ಕಾಣಿಸುವುದಿಲ್ಲ. ಅವನ್ನು ಯಾರಾದರೂ ಗಮನಿಸಿದ್ದಾರೆಂದು ಮಾಡಿದವರಿಗೆ ತಿಳಿಯಬೇಕಾದರೆ ಗಮನಿಸಿದವರು ಹೇಳಲೇಬೇಕು.

ಬೆಲೆ ಕಳೆಯುವ ವಿಚಾರದಲ್ಲಿ ಅವರ ಮಾತು ಅರ್ಧ ಸರಿ. "ಎಲ್ಲರ ಸಹಕಾರಕ್ಕೆ ಧನ್ಯವಾದಗಳು" ಎಂಬ ಸಾಲು ಯಾವ ತಿಂಗಳಿಗೂ ಯಾರಿಗೂ ಹೊಂದುವುದರಿಂದ ಯಾರನ್ನೂ ಮುಟ್ಟುವುದಿಲ್ಲ. "ನೀವು ಬಿಲ್ಲುಗಳನ್ನು ಮೊದಲೇ ವಿಂಗಡಿಸಿಟ್ಟಿದ್ದರಿಂದ ಲೆಕ್ಕಪರಿಶೋಧಕರ ಪ್ರಶ್ನೆಗೆ ತಕ್ಷಣ ಉತ್ತರಿಸಲು ಸಾಧ್ಯವಾಯಿತು" ಎಂದು ಬರೆದರೆ, ಏನು ಮಾಡಿದರು, ಅದರಿಂದ ಏನಾಯಿತು ಎಂಬ ಎರಡೂ ಸಂಗತಿಗಳು ಓದಿದವರಿಗೆ ದೊರೆಯುತ್ತವೆ. ಇಂಥ ಮಾತು ಎಷ್ಟು ಸಲ ಬಂದರೂ ಸವೆಯುವುದಿಲ್ಲ, ಏಕೆಂದರೆ ಪ್ರತಿ ಸಲವೂ ಅದರ ವಿಷಯ ಬೇರೆಯಾಗಿರುತ್ತದೆ.

ಹೇಳಲು ಸಂಕೋಚವಾಗುವುದು ಸಹಜ. ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೃತಜ್ಞತೆಯ ಪತ್ರ ಬರೆದವರು ಪಡೆದವರಿಗೆ ಮುಜುಗರವಾದೀತೆಂದು ಅತಿಯಾಗಿ ಊಹಿಸಿದ್ದರು, ಅವರಿಗಾಗುವ ಸಂತೋಷವನ್ನು ಕಡಿಮೆಯಾಗಿ ಅಂದಾಜು ಮಾಡಿದ್ದರು. ಬರೆದವರ ಚಿಂತೆ ತಮ್ಮ ಪದಜೋಡಣೆ ಚೆನ್ನಾಗಿದೆಯೇ ಎಂಬುದರ ಕಡೆಗಿದ್ದರೆ, ಓದಿದವರ ಮನಸ್ಸಿಗೆ ತಟ್ಟಿದ್ದು ಅದರಲ್ಲಿದ್ದ ಆತ್ಮೀಯತೆ.

ಎರಡನೆಯ ಉತ್ತರ:
ಮೇಲಿನ ಮಾತುಗಳನ್ನು ಒಪ್ಪುತ್ತಲೇ, ನಿಮ್ಮ ಸಹೋದ್ಯೋಗಿಯ ಪರವಾಗಿಯೂ ಒಂದು ಮಾತು ಹೇಳಬೇಕಾಗಿದೆ. ಹೆಚ್ಚುವರಿ ಗಂಟೆಗಳ ವೇತನ ಕೊಡದೆ ಧನ್ಯವಾದ ಮಾತ್ರ ಕೊಡುವ, ವರದಿಯಲ್ಲಿ ಬೇರೊಬ್ಬರ ಹೆಸರು ಹಾಕಿ ದುಡಿದವರನ್ನು ಕೋಣೆಯೊಳಗೆ ಕರೆದು ಹೊಗಳುವ ಮೇಲಧಿಕಾರಿಗಳನ್ನು ಬಹಳಷ್ಟು ಮಂದಿ ಕಂಡಿರುತ್ತಾರೆ. ಅಂಥ ಅನುಭವವಿರುವವರ ಕಿವಿಗೆ ಆ ಮಾತು ಮುಂದಿನ ಹೊರೆಯ ಮುನ್ಸೂಚನೆಯಾಗಿ ಕೇಳಿಸುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಲ್ಲಬೇಕಾದ ಹಣ, ಹೆಸರು, ವಿಶ್ರಾಂತಿ ಇವು ಮೊದಲು ಸಲ್ಲಬೇಕು. ಧನ್ಯವಾದವು ಇವುಗಳ ಜೊತೆಗೆ ಬರಬೇಕೇ ಹೊರತು ಇವುಗಳ ಬದಲಿಗೆ ಬರಬಾರದು.

ಇನ್ನೊಂದು ವಿಚಾರ. ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು, ಕಂಪ್ಯೂಟರ್ ದುರಸ್ತಿಯವರು ಮುಂತಾದವರ ಕೆಲಸ ನಿಂತಾಗ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅವರ ಕಿವಿಗೆ ಹೆಚ್ಚಾಗಿ ಬೀಳುವುದು ದೂರುಗಳೇ. ನಿಮ್ಮ ಇಮೇಲ್ ಅವರನ್ನೂ ತಲುಪುತ್ತದೆಯೇ?

ಪ್ರಶ್ನೆ ಕೇಳಿದವರು:
ಇಬ್ಬರಿಗೂ ವಂದನೆಗಳು. ದುರಸ್ತಿಯವರು ನಮ್ಮ ಪಟ್ಟಿಯಲ್ಲಿಲ್ಲ, ಇನ್ನು ಮುಂದೆ ಇರುತ್ತಾರೆ. ಮನೆಯ ವಿಚಾರಕ್ಕೆ ಯಾರಾದರೂ ಉತ್ತರಿಸುವಿರಾ?

ಮೂರನೆಯ ಉತ್ತರ:
ಮನೆಯ ಮೌನವನ್ನು ಕೃತಘ್ನತೆಯೆಂದು ತಿಳಿಯಬೇಕಾಗಿಲ್ಲ. ಸಿಮಿಯೊನ್ ಫ್ಲಾಯ್ಡ್ ಮತ್ತು ಸಂಗಡಿಗರು ಎಂಟು ಭಾಷೆಗಳ ದಿನನಿತ್ಯದ ಸಂಭಾಷಣೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆಪ್ತರ ನಡುವೆ ಕೇಳಿದ ಸಹಾಯ ದೊರೆತಾಗ ಬಾಯಿಮಾತಿನ ಧನ್ಯವಾದ ಬಂದದ್ದು ಸರಿಸುಮಾರು ಇಪ್ಪತ್ತರಲ್ಲಿ ಒಂದು ಸಲ ಮಾತ್ರ. ನೀರು ಕೊಡು ಎಂದರೆ ಕೊಡುತ್ತಾರೆ ಎಂಬ ನಂಬಿಕೆಯೇ ಅಲ್ಲಿನ ಸಂಬಂಧದ ಆಧಾರವಾಗಿರುವುದರಿಂದ, ಲೋಟ ಕೈಗೆ ಬಂದಾಗಲೆಲ್ಲ ವಂದಿಸುವ ಅಗತ್ಯ ಬೀಳುವುದಿಲ್ಲ.

ಆದರೆ ವರ್ಷಗಟ್ಟಲೆ ನಡೆದುಬಂದ ದೊಡ್ಡ ಉಪಕಾರಗಳು ಅದೇ ನಂಬಿಕೆಯಲ್ಲಿ ಮರೆಯಾಗಿಬಿಡುತ್ತವೆ ಎಂಬುದು ನನ್ನನ್ನು ಕಾಡುವ ವಿಚಾರ. ಓದಿಸಲು ತಮ್ಮ ಆಸೆಗಳನ್ನು ಬದಿಗಿಟ್ಟ ಹಿರಿಯರಿಗೆ, ಕಷ್ಟಕಾಲದಲ್ಲಿ ರಾತ್ರಿಯೆಲ್ಲ ಜೊತೆಗಿದ್ದ ಒಡಹುಟ್ಟಿದವರಿಗೆ ನಾವು ಯಾವತ್ತಾದರೂ ಅದನ್ನು ಹೆಸರಿಸಿ ಹೇಳಿದ್ದೇವೆಯೇ? ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಹಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾವು ಸರಿಯಾಗಿ ವಂದಿಸದೆ ಉಳಿದಿದ್ದ ವ್ಯಕ್ತಿಗೆ ಪತ್ರ ಬರೆದು ಸ್ವತಃ ತಲುಪಿಸಿದವರ ಸಂತೋಷ ಗಮನಾರ್ಹವಾಗಿ ಏರಿತ್ತು, ಆ ಪರಿಣಾಮ ಸುಮಾರು ಒಂದು ತಿಂಗಳವರೆಗೆ ಕಾಣಿಸಿ ಬಳಿಕ ಇಳಿದಿತ್ತು. ಇಳಿದದ್ದನ್ನು ನಾನು ಸೋಲೆಂದು ಎಣಿಸುವುದಿಲ್ಲ, ಒಮ್ಮೆ ಹೇಳಿ ಮುಗಿಸುವ ಸಂಗತಿ ಇದಲ್ಲ ಎಂದಷ್ಟೇ ಅದರ ಅರ್ಥ.

ಮನೆಯವರಿಗೆ ಎದುರೆದುರು ಹೇಳುವುದು ಕಷ್ಟವಾದರೆ ಕಾಗದದಲ್ಲಿ ಬರೆಯಿರಿ. ಯಾವ ವರ್ಷ, ಯಾವ ಸಂದರ್ಭ, ಅವರು ಏನು ಮಾಡಿದರು ಎಂಬುದು ಅದರಲ್ಲಿರಲಿ. ಹೊಗಳಿಕೆಯ ವಿಶೇಷಣಗಳು ಇಲ್ಲದಿದ್ದರೂ ನಡೆಯುತ್ತದೆ. ಉತ್ತರ ಬರಲೇಬೇಕೆಂದು ಕಾಯಬೇಡಿ, ಕೆಲವು ಹಿರಿಯರು ಓದಿ ಏನೂ ಹೇಳದೆ ಅದನ್ನು ಜೋಪಾನವಾಗಿ ಎತ್ತಿಡುತ್ತಾರೆ.