ಆ ಹೊಲಿಗೆ ಮೆಷಿನ್ ಎಲ್ಲಿ ಹೋಯ್ತು?

ಕುವೆಂಪುನಗರ ಟೈಲರಮ್ಮ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ರಾತ್ರಿ ಏಳೂವರೆಯಿಂದ ಎಂಟರವರೆಗೆ ಮಾತ್ರ ಮೆಷಿನ್ ಬಂದ್, ಬರೀ ಕೈಕೆಲಸ. ಮೆಷಿನ್ ತುಳಿದರೆ ಅತ್ತೆಗೆ ಟಿವಿ ಕೇಳಿಸುವುದಿಲ್ಲ. ಅವರಿಗೆ ಕಣ್ಣು ಬೇರೆ ಮಂಜು. ಯಾರು ಬಂದರು, ಯಾರು ಹೋದರು ಅಂತ ನಾನೇ ಹೇಳುತ್ತಿರಬೇಕು. ಹೀಗೆ ಒಂದೇ ಸೀರಿಯಲ್ಲನ್ನು ಐದು ವರ್ಷದಿಂದ ನೋಡುತ್ತಿದ್ದೇವೆ. ಹೆಸರು ಬೇಡ ಬಿಡಿ, ನೋಡುವವರಿಗೆ ಗೊತ್ತಾಗುತ್ತೆ.

ಶುರುವಿನಲ್ಲಿ ಅದರ ನಾಯಕಿಯೂ ನನ್ನ ಹಾಗೇ ಟೈಲರ್. ತಮ್ಮನ ಫೀಸಿಗೋಸ್ಕರ ಹೊಲಿಯುತ್ತಿದ್ದಳು. ಒಂದು ದಿನ ಅಮ್ಮನ ಜೊತೆ ಜಗಳ ಆಡುತ್ತಾ ಹೊಲಿಯುವಾಗ ಮೆಷಿನ್ ಬೆಲ್ಟ್ ಜಾರಿತು. ಆ ಹುಡುಗಿ ಮಾತು ನಿಲ್ಲಿಸಲಿಲ್ಲ. ಬಗ್ಗಿ ಬೆಲ್ಟನ್ನು ಚಕ್ರದ ಅಂಚಿಗೆ ಸಿಕ್ಕಿಸಿ, ಕಾಲಲ್ಲಿ ಒಂದು ಸುತ್ತು ತುಳಿದಳು. ಬೆಲ್ಟ್ ತಾನಾಗೇ ಹೋಗಿ ಕೂತಿತು. ಆಮೇಲೆ ದಾರದ ತುದಿ ನಾಲಿಗೆಗೆ ಸೋಕಿಸಿ ಸೂಜಿಗೆ ಪೋಣಿಸಿದಳು. ಹೊಲಿಯುವವರು ಯಾರೋ ಪಕ್ಕದಲ್ಲಿ ಕೂತು ಕಲಿಸಿಕೊಟ್ಟಿರಬೇಕು. ನಾನು ಕೈಲಿದ್ದ ಬಟ್ಟೆ ಕೆಳಗಿಟ್ಟು ನೋಡಿದೆ. "ಬೆಲ್ಟ್ ಸವೆದಿದೆ ಅತ್ತೆ, ಪಾಪ, ಬದಲಾಯಿಸೋಕೆ ದುಡ್ಡಿಲ್ಲ" ಅಂತ ಅವರಿಗೂ ಹೇಳಿದೆ.

ಆಮೇಲೆ ಅವಳಿಗೆ ದೊಡ್ಡ ಬಂಗಲೆಯ ಹುಡುಗನ ಜೊತೆ ಮದುವೆ ಆಯ್ತು. ಅಲ್ಲಿಂದ ಈಚೆಗೆ ಆ ಮೆಷಿನ್ ಒಂದು ಸಲವೂ ಕಂಡಿಲ್ಲ. ಈಗ ಬೆಳಗಿನ ತಿಂಡಿಗೇ ಆರಿ ವರ್ಕ್ ಬ್ಲೌಸ್. ಅಂಥದ್ದನ್ನು ದಿನಾ ಹೊಲಿಯೋಳು ನಾನು. ತೋಳಿನ ತುಂಬಾ ಜರ್ದೋಸಿ ಇದ್ದರೆ ಕಂಕುಳೆಲ್ಲಾ ಚುಚ್ಚುತ್ತೆ, ಒಂದು ದೋಸೆ ಮಗುಚೋಕೂ ಆಗೋದಿಲ್ಲ. ಆದರೆ ಅಲ್ಲಿ ದೋಸೆ ಮಗುಚುವವರು ಯಾರಿದ್ದಾರೆ? ಆ ಮನೆಯಲ್ಲಿ ಯಾರಿಗೂ ಕೆಲಸ ಅಂತಲೇ ಇಲ್ಲ. ಗಂಡಸರು ಕೋಟು ಹಾಕಿಕೊಂಡು ಫೈಲಿಗೆ ಸೈನ್ ಹಾಕಿದರೆ ಆಫೀಸ್ ಮುಗೀತು. ಹೆಂಗಸರು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಾರೆ. ನಮ್ಮತ್ತೆ ಪಾಂಡವಪುರ ಕಡೆಯವರು. ಮಂಜು ಕಣ್ಣಿಗೂ ಆ ಹಸಿರು ಸೀರೆ ಕಾಣುತ್ತೆ. "ಇನ್ನೂ ಅಲ್ಲೇ ನಿಂತವ್ಳಾ? ಕಾಲು ನೋಯಾಕಿಲ್ವಾ ಅವಳ್ಗೆ?" ಅಂತಾರೆ.

ಕಳೆದ ವಾರ ಒಂದು ಏಟು. ಸೀರಿಯಲ್ಲಿನ ಅತ್ತೆ ಸೊಸೆಗೆ ಹೊಡೆಯಲು ಕೈ ಎತ್ತಿದಳು. ಮಾವನ ಮುಖ, ಮೈದುನನ ಮುಖ, ಅಡುಗೆಯವಳ ಮುಖ, ಮತ್ತೆ ಕೈ. ನಾನು ಒಂದು ಬ್ಲೌಸಿಗೆ ಆರು ಹುಕ್ಸ್ ಹಾಕಿ ಮುಗಿಸಿದೆ, ಏಟು ಬೀಳಲೇ ಇಲ್ಲ. ಮಾರನೇ ದಿನ ಬಿತ್ತು. ಅದೂ ಕನಸಂತೆ.

ಚೆನ್ನಾಗಿ ಮಾಡೋಕೆ ಬರುವವರೇ ಹೀಗ್ಯಾಕೆ ಮಾಡುತ್ತಾರೆ? ಯಾರು ತೀರ್ಮಾನ ಮಾಡೋದು ಇದನ್ನೆಲ್ಲ? ಗೊತ್ತಿರುವವರು ಹೇಳಿ.

ಮದ್ದೂರು ಹುಡುಗ:

ರಿಮೋಟಿನ ಸೆಲ್ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿ ಅಕ್ಕ. ಅಷ್ಟೇ.

ಡೈಲಾಗ್ ಕೂಲಿ:

ನಾನು ಮಂಡ್ಯದವನು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಸೀರಿಯಲ್ಲಿಗೆ ಸಂಭಾಷಣೆ ಬರೆದೆ. ನಿಮ್ಮ ಸೀರಿಯಲ್ ಅಲ್ಲ, ಆದರೆ ಎಲ್ಲರ ಮನೆ ದೋಸೆಯೂ ತೂತೇ.

ಶುರುವಿನಲ್ಲಿ ಎಪಿಸೋಡ್ ಬ್ಯಾಂಕಿಂಗ್ ಇರುತ್ತೆ. ಅಂದರೆ ಪ್ರಸಾರಕ್ಕೆ ಮೊದಲೇ ಒಂದಷ್ಟು ಕಂತು ಚಿತ್ರೀಕರಿಸಿ ಇಟ್ಟುಕೊಂಡಿರುತ್ತಾರೆ. ಆಗ ಬೆಲ್ಟ್ ಹೇಗೆ ಹಾಕಬೇಕು ಅಂತ ಕಲಿಸೋಕೂ ಟೈಮ್ ಇರುತ್ತೆ. ಆಮೇಲೆ ಆ ಬ್ಯಾಂಕು ಖಾಲಿ. ದಿನಕ್ಕೆ ಒಂದು ಕಂತು ಪ್ರಸಾರ ಆಗುತ್ತೆ, ಜಾಹೀರಾತು ಕಳೆದರೂ ಇಪ್ಪತ್ತು ನಿಮಿಷದ ಮೇಲೆ ಸರಕು ಬೇಕು. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಮಾತು ನಮ್ಮದು. ಸೆಟ್ಟಿನಲ್ಲಿ ಲೈಟ್ ಹಾಕಿ ಕಾಯುತ್ತಿರುತ್ತಾರೆ, ನಾನು ಸಿಟಿ ಬಸ್ಸಲ್ಲಿ ನಿಂತುಕೊಂಡು ಸೀನ್ ಟೈಪ್ ಮಾಡಿ ವಾಟ್ಸಾಪ್‌ಗೆ ಹಾಕಿದ್ದೇನೆ. ಇವತ್ತು ಯಾವ ನಟಿ ಬಂದಿಲ್ಲ ಅಂತ ಆಮೇಲೆ ಗೊತ್ತಾಗುತ್ತೆ. ಆಗ ಅವಳ ಮಾತು ಅಡುಗೆಯವಳ ಬಾಯಿಗೆ.

ಗುರುವಾರ ಬಂದರೆ ಎದೆ ಡವಡವ. ಯಾವ ಸೀರಿಯಲ್ ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆಯವರ ರೇಟಿಂಗ್ ಬರೋದು ಅವತ್ತೇ. ದೇಶದಲ್ಲಿ ಐವತ್ತು ಸಾವಿರ ಚಿಲ್ಲರೆ ಮನೆಗಳಲ್ಲಿ ಮೀಟರ್ ಇಟ್ಟಿದ್ದಾರೆ, ಎಲ್ಲಾ ಲೆಕ್ಕ ಅಲ್ಲಿಂದ. ನಂಬರ್ ಬಿದ್ದರೆ ಶುಕ್ರವಾರ ಟ್ರ್ಯಾಕ್ ಬದಲು. ಏರಿದರೆ ಇನ್ನೂ ಕಷ್ಟ, ಅದನ್ನೇ ಎಳೆಯಬೇಕು. ಏಟು ಬೀಳುವ ಮುಂಚಿನ ಕಂತಿಗೆ ನಂಬರ್ ಚೆನ್ನಾಗಿ ಬಂದರೆ, ಮುಂದಿನ ಏಟು ಇನ್ನೂ ನಿಧಾನವಾಗಿ ಬೀಳುತ್ತೆ. ಮುಖಗಳನ್ನು ತೋರಿಸೋದು ಅದಕ್ಕೇ. ಒಂದು ರಿಯಾಕ್ಷನ್ ಶಾಟಿಗೆ ಡೈಲಾಗೂ ಬೇಡ, ಜಾಗವೂ ಬೇಡ.

ಮೆಷಿನ್ ವಿಷಯ ನನ್ನ ಊಹೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಹಳೇ ಮನೆಯನ್ನು ಶೂಟಿಂಗಿಗೆ ಬಾಡಿಗೆಗೆ ತಗೊಂಡಿರುತ್ತಾರೆ. ಮೆಷಿನ್ ಆ ಮನೆ ಓನರ್‌ದೇ ಇರಬೇಕು.

ಮಂಡ್ಯ ಮೇಷ್ಟ್ರು (ನಿವೃತ್ತ):

ತಾಯಿ, ನಿಮ್ಮ ಬೆಲ್ಟಿನ ವರ್ಣನೆ ಓದಿ ಸಂತೋಷವಾಯಿತು.

1987ರ ಸುಮಾರಿಗೆ ಮೈಸೂರಿನ ಅಗ್ರಹಾರದಲ್ಲಿ ಅಣ್ಣನ ಮನೆಯಲ್ಲಿದ್ದೆ. ಇಡೀ ವಠಾರಕ್ಕೆ ಒಂದೇ ಟಿವಿ. ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ಬರುತ್ತಿತ್ತು. ಹಿಂದಿಯಲ್ಲಿ. ನಮಗೆ ಅರ್ಧ ಮಾತು ತಿಳಿಯುತ್ತಿರಲಿಲ್ಲ, ಆದರೂ ಕಥೆ ಪೂರ್ತಿ ತಿಳಿಯುತ್ತಿತ್ತು. ಯಾಕೆಂದರೆ ಅದರಲ್ಲಿ ಎಲ್ಲರೂ ಏನಾದರೂ ಮಾಡುತ್ತಿದ್ದರು. ಒಬ್ಬ ಅಂಚೆ ಹಂಚುತ್ತಾನೆ, ಒಬ್ಬ ಮಿಠಾಯಿ ಮಾರುತ್ತಾನೆ. ಆಗೆಲ್ಲ ಹದಿಮೂರು ವಾರಕ್ಕೆ ಇಷ್ಟು ಅಂತ ಅಳತೆ ಹಾಕಿ ಕೊಡುತ್ತಿದ್ದರು. ಬಟ್ಟೆ ಎಷ್ಟಿದೆ ಅಂತ ಗೊತ್ತಿದ್ದರೆ ತಾನೇ ಕತ್ತರಿ ಹಾಕೋದು?

ಆದರೆ ಉದ್ದ ಆದ ಮಾತ್ರಕ್ಕೆ ಕೆಡುತ್ತದೆ ಅಂತ ನಾನು ಒಪ್ಪುವುದಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಶುರುವಾದ 'ಮಾಯಾಮೃಗ' ಕೂಡ ದಿನದ ಧಾರಾವಾಹಿಯೇ. ಸಂಜೆ ಸ್ಟಾಫ್ ರೂಮಿನಲ್ಲಿ ಅದರದ್ದೇ ಚರ್ಚೆ. 2010ರಲ್ಲಿ ರಂಗಾಯಣದಲ್ಲಿ 'ಮಲೆಗಳಲ್ಲಿ ಮದುಮಗಳು' ನಾಟಕ ನೋಡಿದೆ. ರಾತ್ರಿಯಿಡೀ, ಒಂಬತ್ತು ಗಂಟೆ. ಒಂದು ರಂಗದಿಂದ ಇನ್ನೊಂದಕ್ಕೆ ಚಾಪೆ, ಶಾಲು, ಫ್ಲಾಸ್ಕು ಹೊತ್ತುಕೊಂಡು ಹೋಗುತ್ತಿದ್ದೆವು. ನಿದ್ದೆ ಬಂದಿದ್ದು ಮನೆಗೆ ಬಂದ ಮೇಲೆ. (ಫ್ಲಾಸ್ಕು ಅಲ್ಲೇ ಮರೆತು ಬಂದು ಮನೆಯವಳ ಹತ್ತಿರ ಬೈಸಿಕೊಂಡೆ, ಅದು ಬೇರೆ ವಿಷಯ.)

ಹೆಬ್ಬಾಳ ನೈಟ್‌ಶಿಫ್ಟ್:

ಮೇಷ್ಟ್ರೇ, ನೀವು ಹೇಳಿದ್ದು ಸರಿ. ಉಲ್ಟಾ ಉದಾಹರಣೆ ನನ್ನ ಹತ್ತಿರ ಇದೆ. 'ಗೇಮ್ ಆಫ್ ಥ್ರೋನ್ಸ್' ಅಂತ ಇಂಗ್ಲಿಷ್ ಸೀರಿಯಲ್. 2011ರಿಂದ 2019ರವರೆಗೆ ಎಂಟು ಸೀಸನ್, ಒಟ್ಟು 73 ಎಪಿಸೋಡ್ ಅಷ್ಟೇ. ನಮ್ಮ ಸೀರಿಯಲ್ಲಿಗೆ ಅದು ಮೂರು ತಿಂಗಳ ಲೆಕ್ಕ. ದುಡ್ಡಿಗೆ ಬರ ಇರಲಿಲ್ಲ, ಟೈಮಿಗೂ ಇರಲಿಲ್ಲ. ಆದರೂ ಕೆಟ್ಟಿತು. ಅವರು ತೆಗೆಯುತ್ತಿದ್ದುದು ಒಂದು ಕಾದಂಬರಿ ಸರಣಿಯಿಂದ. ಐದನೇ ಪುಸ್ತಕ 2011ರಲ್ಲೇ ಬಂದಿತ್ತು, ಆರನೆಯದು ಬರುವ ಮೊದಲೇ ಸೀರಿಯಲ್ ಮುಂದೆ ಓಡಿತು. ಮೊದಲೆಲ್ಲ ಒಂದು ಊರಿಂದ ಇನ್ನೊಂದಕ್ಕೆ ಕುದುರೆ ಮೇಲೆ ಹೋಗೋಕೆ ಎಷ್ಟೋ ಕಂತು ಹಿಡಿಯುತ್ತಿತ್ತು. ದಾರಿಯಲ್ಲಿ ಚಳಿ, ಹಸಿವು, ಜಗಳ ಎಲ್ಲಾ ಇತ್ತು. ಕೊನೆಕೊನೆಗೆ ಹೊರಟವರು ಅದೇ ಕಂತಿನಲ್ಲಿ ಹಾಜರ್. ಕೊನೇ ಸೀಸನ್ ಬರೀ ಆರು ಎಪಿಸೋಡ್. ನಮ್ಮವರು ಎಳೆದು ಕೆಡಿಸಿದರು, ಅವರು ಓಡಿಸಿ ಕೆಡಿಸಿದರು.

ಅಂದಹಾಗೆ ಅಕ್ಕ, ನಮ್ಮಮ್ಮನೂ ಅದೇ ಸೀರಿಯಲ್ ನೋಡೋದು. ಹಸಿರು ಸೀರೆ ಅಂದ ಕೂಡಲೇ ಗೊತ್ತಾಯ್ತು.

ಕುವೆಂಪುನಗರ ಟೈಲರಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಡೈಲಾಗ್ ಕೂಲಿಯವರೇ, ಮೆಷಿನ್ ಮನೆ ಓನರ್‌ದು ಅಂತ ಓದಿ ನಗು ಬಂತು, ಆಮೇಲೆ ಸ್ವಲ್ಪ ಬೇಜಾರೂ ಆಯ್ತು. ನೀವು ಬಸ್ಸಲ್ಲಿ ನಿಂತು ಬರೆದದ್ದನ್ನ ನಾನು ಇಲ್ಲಿ ಬೈದುಕೊಂಡು ನೋಡಿರುತ್ತೇನೇನೋ. ದಸರಾ ಸೀಸನ್‌ನಲ್ಲಿ ನನ್ನ ಹೊಲಿಗೆಯೂ ಹಾಗೇ, ನಲವತ್ತು ಬ್ಲೌಸ್ ಒಪ್ಪಿಕೊಂಡಾಗ ಒಳಗಿನ ಓವರ್‌ಲಾಕ್ ಯಾರು ನೋಡ್ತಾರೆ ಅನ್ನಿಸುತ್ತೆ.

ಮದ್ದೂರು ತಮ್ಮಾ, ಆಫ್ ಮಾಡೋಕೆ ಆಗಲ್ಲ ಕಣಪ್ಪ. ಅತ್ತೆಗೆ ಅದು ಸಂಜೆಯ ಲೆಕ್ಕ. ಮಾತ್ರೆ, ಸೀರಿಯಲ್, ಊಟ.

ಆದರೆ ನಿನ್ನೆ ಅತ್ತೆ ಮೈ ಬಿಸಿ ಅಂತ ಏಳು ಗಂಟೆಗೇ ಮಲಗಿಬಿಟ್ಟರು. ನಾನು ಟಿವಿ ಹಾಕಲೇ ಇಲ್ಲ, ಎರಡು ಬ್ಲೌಸ್ ಮುಗಿಸಿದೆ. ಬೆಳಗ್ಗೆ ಕಾಫಿ ಕೊಡುವಾಗ "ರಾತ್ರಿ ಏನಾಯ್ತು?" ಅಂತ ಕೇಳಿದರು. ನನಗೇನು ಗೊತ್ತು? ಬಾಯಿಗೆ ಬಂದಿದ್ದು ಹೇಳಿದೆ. "ಅವಳು ತವರಿಗೆ ಹೋದಳು ಅತ್ತೆ. ಅಟ್ಟದಿಂದ ಮೆಷಿನ್ ಇಳಿಸಿ, ಧೂಳು ಒರೆಸಿ, ಎಣ್ಣೆ ಬಿಟ್ಟಳು."

ಅತ್ತೆ ಲೋಟ ಕೆಳಗಿಟ್ಟರು.

"ಬೆಲ್ಟು ಸವೆದೋಗಿತ್ತಲ್ಲವ್ವ, ಹೊಸದು ಹಾಕ್ಸುದ್ಲಾ?"