ದಜ್ಜಾಲ್, ಕ್ರಿಸ್ತವಿರೋಧಿ ಮತ್ತು ಯುದ್ಧದ ಫಾರ್ವರ್ಡ್‌ಗಳು: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಲೋಕಾಂತ್ಯಕ್ಕೆ ಮುಂಚೆ ಬರುತ್ತಾನೆ ಎನ್ನುವ ಒಂಟಿಗಣ್ಣಿನ ಮಹಾವಂಚಕನನ್ನು ಮುಸ್ಲಿಮರು ದಜ್ಜಾಲ್ ಎನ್ನುತ್ತಾರೆ, ಅಂಥ ವಿರೋಧಿಯನ್ನು ಕ್ರೈಸ್ತರು ಕ್ರಿಸ್ತವಿರೋಧಿ ಎನ್ನುತ್ತಾರೆ. ಈ ವಾರ ಉತ್ತರಿಸುವ ಮೇಡಂ ಕಾಲೇಜಿನಲ್ಲಿ ಹದೀಸ್ (ಪ್ರವಾದಿಯವರ ನುಡಿ, ನಡೆಗಳ ವರದಿ) ಮತ್ತು ಬೈಬಲ್ ಎರಡರ ಪಠ್ಯಚರಿತ್ರೆ ಕಲಿಸುವವರು. ಒಬ್ಬರಿಗೆ ಒಂದೇ ಪ್ರಶ್ನೆ.

ಸದಸ್ಯ, ಮಂಗಳೂರು: ನಮಸ್ಕಾರ ಮೇಡಂ. ಕ್ರಿಸ್ತವಿರೋಧಿಯ ವಿಷಯ ಬೈಬಲಿನ ಪ್ರಕಟನೆ ಪುಸ್ತಕದ ಎಷ್ಟನೇ ಅಧ್ಯಾಯದಲ್ಲಿ ಬರುತ್ತದೆ? 666 ಎಂದರೆ ಯಾರು?

ಮೇಡಂ: ಆ ಪದ ಪ್ರಕಟನೆಯಲ್ಲಿ ಇಲ್ಲವೇ ಇಲ್ಲ. ಇರುವುದು ಯೋಹಾನನ ಮೊದಲ ಎರಡು ಪತ್ರಗಳಲ್ಲಿ ಮಾತ್ರ. ಅಲ್ಲೂ ಒಬ್ಬನೇ ಅಲ್ಲ, ಈಗಾಗಲೇ ಬಹಳ ಮಂದಿ ಎದ್ದಿದ್ದಾರೆ ಎಂದು ಬಹುವಚನವೂ ಇದೆ. ಪ್ರಕಟನೆ 13ರಲ್ಲಿ ಎರಡು ಮೃಗಗಳಿವೆ, 2 ಥೆಸಲೊನೀಕ 2ರಲ್ಲಿ ‘ಅಧರ್ಮಸ್ವರೂಪ’ ಇದ್ದಾನೆ. ಮೂವರನ್ನೂ ಸೇರಿಸಿ ಒಬ್ಬನನ್ನು ಮಾಡಿದವರು ನಂತರದ ವ್ಯಾಖ್ಯಾನಕಾರರು. ಪ್ರಕಟನೆಯಲ್ಲಿ ಮೃಗದ ಸಂಖ್ಯೆ ಎನ್ನುವ 666ಕ್ಕೆ ‘ನೇರೋನ್ ಕೈಸರ್’ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಬೆಲೆ ಕೂಡಿಸಿ: 50, 200, 6, 50, ಆಮೇಲೆ 100, 60, 200. ಲ್ಯಾಟಿನ್ನಿನಂತೆ ‘ನೇರೋ’ ಎಂದು ಬರೆದರೆ ಕೊನೆಯ ನೂನ್ ಅಕ್ಷರದ 50 ಬಿದ್ದುಹೋಗಿ 616 ಆಗುತ್ತದೆ. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದೇ ಇದೆ. ಹೆಚ್ಚಿನ ವಿದ್ವಾಂಸರು ನೀರೋ ಚಕ್ರವರ್ತಿಯತ್ತ ಬೆರಳು ಮಾಡುವುದು ಈ ಎರಡು ಲೆಕ್ಕವೂ ಕೂಡಿಬರುವುದರಿಂದ.

ಸದಸ್ಯೆ, ತುಮಕೂರು: ಸೋಪು ಬಿಸ್ಕೆಟಿನ ಬಾರ್‌ಕೋಡಿನಲ್ಲೆಲ್ಲ 666 ಅಡಗಿದೆ ಅಂತ ಬಂದಿದೆ.

ಮೇಡಂ: ಸುಳ್ಳು. ಎರಡು ತುದಿಯ ಉದ್ದ ಗೆರೆಗಳು 101, ನಡುವಿನದು 01010. ಓದುವ ಯಂತ್ರಕ್ಕೆ ಶುರು, ಮಧ್ಯ, ಕೊನೆ ತಿಳಿಸುವ ಗುರುತು. ಬಲಭಾಗದಲ್ಲಿ 6 ಎಂಬ ಅಂಕಿ 1010000. ಮೊದಲ ಮೂರು ಹೋಲುತ್ತವೆ, ಅಷ್ಟೇ.

ಸದಸ್ಯ, ಬೀದರ್: ಮೇಡಂ, ಇಸ್ರೇಲಿನ ತಬರಿಯಾ ಸರೋವರ ಬತ್ತಿದ ವಿಡಿಯೊ ಹಾಕಿದ್ದೇನೆ. ದಜ್ಜಾಲ್ ಹೊರಡುವ ಗುರುತಲ್ಲವೇ? ಯಾವ ವರ್ಷ?

ಮೇಡಂ: ಪ್ರವಾದಿಯವರ ಸಂಗಾತಿ ತಮೀಮ್ ದಾರಿ ಅವರ ಹದೀಸ್ ಸಹೀಹ್ ಮುಸ್ಲಿಂ ಎಂಬ ಹದೀಸ್ ಸಂಗ್ರಹದಲ್ಲಿದೆ. ಅದರಲ್ಲಿ ದಜ್ಜಾಲ್ ಬೈಸಾನಿನ ಖರ್ಜೂರ, ತಬರಿಯಾದ ನೀರು, ಝುಗರ್ ಊಟೆ, ಮೂರನ್ನೂ ವಿಚಾರಿಸುತ್ತಾನೆ. ವಿಡಿಯೊ ಒಂದನ್ನೇ ಹಿಡಿದಿದೆ. 2001ರ ಕೊನೆಗೆ ಆ ಸರೋವರ ಸಮುದ್ರಮಟ್ಟಕ್ಕಿಂತ 214.87 ಮೀಟರ್ ಕೆಳಗೆ ಇಳಿದಿತ್ತು. 2020ರ ವಸಂತದಲ್ಲಿ ಪೂರ್ಣಮಟ್ಟವಾದ 208.8ರ ಹತ್ತಿರಕ್ಕೆ ಏರಿತು. ಬರ ಬಂದಾಗ, ಪಂಪ್ ಹೆಚ್ಚಾದಾಗ ಇಳಿಯುತ್ತದೆ, ಮಳೆ ಬಂದರೆ ಏರುತ್ತದೆ. ವರ್ಷ ಹೇಳುವ ಹದೀಸ್ ಇಲ್ಲ.

ಸದಸ್ಯ, ಭಟ್ಕಳ: ಈ ದುಆ (ಪ್ರಾರ್ಥನೆ) 11 ರಾತ್ರಿ ಓದಿ 20 ಜನಕ್ಕೆ ಕಳಿಸಿದರೆ ದಜ್ಜಾಲನ ಫಿತ್ನಾದಿಂದ (ಕೇಡಿನಿಂದ) ರಕ್ಷಣೆ ಅಂತೆ. ಸರಿಯೇ?

ಮೇಡಂ: ಕುರ್‌ಆನಿನ ಸೂರಃ ಕಹ್ಫ್‌ನ ಮೊದಲ 10 ಆಯತ್ ಬಾಯಿಪಾಠ ಮಾಡಿ ಎಂಬುದು ಹದೀಸ್. 11 ರಾತ್ರಿ, 20 ಜನ ಎಂಬುದು ಅದರಲ್ಲಿಲ್ಲ, ಫಾರ್ವರ್ಡ್ ಮಾಡಿದವರು ಸೇರಿಸಿದ್ದು. ಕಳಿಸಬೇಡಿ.

ಸದಸ್ಯ, ರಾಯಚೂರು: ಕಲ್ಕಿ ಅವತಾರಕ್ಕೂ ಇದಕ್ಕೂ ಸಂಬಂಧ ಇದೆಯೇ?

ಸದಸ್ಯೆ, ಹುಬ್ಬಳ್ಳಿ: ಮೇಡಂ ಅವರೇ, ನಮ್ಮ ಅಕ್ಕನ ಮಗ, 19 ವರ್ಷ. ಮೂರು ವಾರದಿಂದ ಕಾಲೇಜಿಗೆ ಹೋಗವಲ್ಲ, ರಾತ್ರಿ ನಿದ್ದಿ ಇಲ್ಲ. ಟೆಲಿಗ್ರಾಮಿನ ಒಂದು ಚಾನೆಲ್‌ನ್ಯಾಗ ದಮಾಸ್ಕಸ್ ಬಿದ್ದಾಯ್ತು, ಕಪ್ಪು ಬಾವುಟದ ಸೈನ್ಯ ಹೊರಟೈತಿ, ಇನ್ನ ದಾಬಿಕ್ ಯುದ್ಧ ಅಂತಾರ. ಎರಡು ಸಲ ರೊಕ್ಕ ಕಳಿಸ್ಯಾನ. ಅವರಪ್ಪ ಫೋನ್ ಒಡೀತೀನಿ ಅಂತಾರ.

ಮೇಡಂ: ಫೋನ್ ಒಡೆಯಬೇಡಿ, ಚಾಟ್ ಅಳಿಸಬೇಡಿ. ಹುಡುಗ ಮೋಸ ಹೋದದ್ದಕ್ಕೆ ಅದೇ ಪುರಾವೆ. ಇವತ್ತೇ ಎರಡೂ ಪಾವತಿಯ ಯುಪಿಐ ಸಂಖ್ಯೆ, ತಾರೀಖು, ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ತಿಳಿಸಿ. ದಾಬಿಕ್ ಮಾತನ್ನು ಪ್ರಚಾರಕ್ಕೆ ಬಳಸಿದ ಐಎಸ್ (ಇಸ್ಲಾಮಿಕ್ ಸ್ಟೇಟ್) 2015ರಿಂದ ಭಾರತದಲ್ಲಿ ಭಯೋತ್ಪಾದನೆ ತಡೆಯ ಕಾಯ್ದೆ ಯುಎಪಿಎ ಅಡಿ ನಿಷೇಧಿತ ಸಂಘಟನೆ. ಹಣ ಯಾರ ಕೈಸೇರಿತೋ ತಿಳಿಯದು, ಆದ್ದರಿಂದ ಈ ವಾರವೇ ಒಬ್ಬ ವಕೀಲರನ್ನೂ ಕಾಣಿ. ನಿದ್ದೆಗೆಟ್ಟಿದ್ದಕ್ಕೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್, 14416.

ಇನ್ನು ಗ್ರಂಥ. ಅವನ ನಂಬಿಕೆಯನ್ನು ಹಳಿಯಬೇಡಿ, ಪಕ್ಕದಲ್ಲಿ ಕೂತು ಸಹೀಹ್ ಮುಸ್ಲಿಂ 2897 ಪೂರ್ತಿ ಓದಿಸಿ. ರೋಮನರು ಅಮಾಕ್ ಅಥವಾ ದಾಬಿಕ್‌ನಲ್ಲಿ ಇಳಿಯುತ್ತಾರೆ, ಮದೀನಾದಿಂದ ಸೈನ್ಯ ಹೊರಡುತ್ತದೆ, ಮೂರರಲ್ಲೊಂದು ಪಾಲು ಓಡಿಹೋಗುತ್ತದೆ, ಒಂದು ಪಾಲು ಸಾಯುತ್ತದೆ, ಒಂದು ಪಾಲು ಗೆದ್ದು ಕಾನ್‌ಸ್ಟಾಂಟಿನೋಪಲ್ ಹಿಡಿಯುತ್ತದೆ. ಚಾನೆಲ್‌ಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಮುಂದಿನ ಸಾಲು ನೋಡಿ: ಗೆದ್ದವರು ಕತ್ತಿಗಳನ್ನು ಆಲಿವ್ ಮರಕ್ಕೆ ತೂಗುಹಾಕಿ ಕೊಳ್ಳೆ ಹಂಚಿಕೊಳ್ಳುತ್ತಿರುವಾಗ, ದಜ್ಜಾಲ್ ನಿಮ್ಮ ಮನೆಗಳಿಗೆ ನುಗ್ಗಿದ್ದಾನೆ ಎಂದು ಶೈತಾನ ಕೂಗುತ್ತಾನೆ. ಎಲ್ಲರೂ ಹೊರಟುಬಿಡುತ್ತಾರೆ. ಆ ಸುದ್ದಿ ಸುಳ್ಳು. ದಜ್ಜಾಲ್ ಬರುವ ಮುಂಚೆ ಬರುವುದು ದಜ್ಜಾಲ್ ಬಂದನೆಂಬ ಸುಳ್ಳು ಕೂಗು! 2 ಥೆಸಲೊನೀಕ 2:2 ಕೂಡ ಇದನ್ನೇ ಹೇಳುತ್ತದೆ: ಕರ್ತನ ದಿನ ಬಂದೇಬಿಟ್ಟಿತೆಂದು ನಮ್ಮ ಹೆಸರಿನಲ್ಲಿ ಪತ್ರ ಬಂದರೂ ಕಂಗೆಡಬೇಡಿ ಎಂದು. ಅದೇ ಪತ್ರದ 3:10, ದುಡಿಯಲು ಮನಸ್ಸಿಲ್ಲದವನು ಊಟವನ್ನೂ ಮಾಡಬಾರದು ಎನ್ನುತ್ತದೆ. ಕೆಲಸ ಬಿಟ್ಟು ಕೂತವರು ಆಗಲೂ ಇದ್ದರು.

ಆಮೇಲೆ ದಾಬಿಕ್ ಊರಿನ ಚರಿತ್ರೆ ಕೇಳಿ. ಅಲೆಪ್ಪೊದ ಉತ್ತರಕ್ಕೆ, ಟರ್ಕಿ ಗಡಿಯ ಹತ್ತಿರದ ಸಣ್ಣ ಊರು. 1516ರಲ್ಲಿ ಅಲ್ಲಿ ದೊಡ್ಡ ಯುದ್ಧವಾಯಿತು, ಒಟ್ಟೊಮನ್ನರಿಗೂ ಮಮ್ಲೂಕರಿಗೂ. ಎರಡೂ ಕಡೆ ಮುಸ್ಲಿಮರೇ. 2014ರ ಆಗಸ್ಟ್‌ನಲ್ಲಿ ಐಎಸ್ ಅದನ್ನು ಹಿಡಿಯಿತು, ಪತ್ರಿಕೆಗೂ ಅದೇ ಹೆಸರಿಟ್ಟಿತ್ತು. 2016ರ ಅಕ್ಟೋಬರ್ 16ರಂದು ಟರ್ಕಿ ಬೆಂಬಲದ ಸಿರಿಯನ್ ಹೋರಾಟಗಾರರು ಊರನ್ನು ವಶಪಡಿಸಿಕೊಂಡರು. ಮಹಾಯುದ್ಧ ಆಗಲಿಲ್ಲ, ಐಎಸ್‌ನವರು ಹಿಂದೆ ಸರಿದರು. ಅದಕ್ಕೂ ಒಂದು ತಿಂಗಳು ಮೊದಲೇ ‘ರೂಮಿಯಾ’ ಎಂಬ ಬೇರೆ ಹೆಸರಿನ ಪತ್ರಿಕೆ ಶುರುವಾಗಿತ್ತು. ಆ ಮಾತು ನಂಬಿ ಹೋಗಿ ಸತ್ತ ಹುಡುಗರಿಗೆ ಯಾರೂ ಲೆಕ್ಕ ಒಪ್ಪಿಸಲಿಲ್ಲ. ಖುರಾಸಾನಿನ ಕಪ್ಪು ಬಾವುಟ ಎಂದರೆ 747ರಲ್ಲಿ ಅಬ್ಬಾಸಿ ಮನೆತನದ ಪರವಾಗಿ ಎದ್ದ ಬಾವುಟ. ಕಪ್ಪು ಬಾವುಟದ ವರದಿಗಳ ಸನದ್ (ಹೇಳಿದವರ ಸರಪಳಿ) ದುರ್ಬಲ ಎಂದು ಹದೀಸ್ ಪಂಡಿತರೇ ಬರೆದಿದ್ದಾರೆ. ಯಾವ ಸಂಗ್ರಹ, ಯಾವ ಸಂಖ್ಯೆ, ಯಾರು ಯಾರಿಂದ ಕೇಳಿದ್ದು, ದರ್ಜೆ ಏನು: ಈ ನಾಲ್ಕನ್ನು ಚಾನೆಲ್‌ಗೆ ಅವನೇ ಕೇಳಲಿ.

ಸದಸ್ಯ, ಬೀದರ್: ಮೇಡಂ, ಯಾವ ವರ್ಷ ಎಂದು ಹೇಳಲಿಲ್ಲ.

ಮೇಡಂ: ಹೇಳಿದ್ದೇನೆ. ಮೇಲೆ ಓದಿ.

ಸದಸ್ಯ, ಮಂಗಳೂರು: ಮಾರಾಯ್ರೆ, ಒಂದು ಮಾತು. ಕೊನೆಗಾಲಕ್ಕೆ ಬರುವ ನಾಯಕನೆಂದು ಇವರು ಕಾಯುವ ಮಹ್ದಿಯೇ ನಮ್ಮ ಕ್ರಿಸ್ತವಿರೋಧಿ ಅಂತ ಅಮೆರಿಕದ ಬೋಧಕರು ಸಾಬೀತು ಮಾಡಿದ್ದಾರೆ.

ಸದಸ್ಯ, ಭಟ್ಕಳ: ಹಾಗಾದರೆ ನೀವು ಕಾಯುತ್ತಿರುವವನೇ ದಜ್ಜಾಲ್. ಈಸಾ (ಯೇಸು) ಅಲೈಹಿಸ್ಸಲಾಂ ಬಂದು ಲುದ್ದ್ ಊರಿನ ಬಾಗಿಲಲ್ಲಿ ಅವನನ್ನು ಕೊಲ್ಲುತ್ತಾರೆ, ನಿಮಗೆ ಗೊತ್ತಿಲ್ಲ.

ಸದಸ್ಯ, ಮಂಗಳೂರು: ಅದು ನಿಮ್ಮ ಕಥೆ.

ಸದಸ್ಯ, ಚನ್ನಪಟ್ಟಣ: ‘ಇವರು’ ಎಂದರೆ ಯಾರು? ನಾವು ಮಹ್ದವಿಗಳು ಯಾರನ್ನೂ ಕಾಯುತ್ತಿಲ್ಲ. ನಮ್ಮ ಮಹ್ದಿ ಸಯ್ಯದ್ ಮುಹಮ್ಮದ್ ಜೌನ್‌ಪುರಿ ಅವರು ಬಂದು, 1505ರಲ್ಲಿ ಅಫ್ಘಾನಿಸ್ತಾನದ ಫರಾಹ್‌ನಲ್ಲಿ ತೀರಿಕೊಂಡಾಯಿತು.

ಸದಸ್ಯ, ಭಟ್ಕಳ: ನಿಮ್ಮನ್ನು ಯಾರೂ ಕೇಳಲಿಲ್ಲ.

ಮೇಡಂ: ಅವರು ಕೇಳಿಸಿಕೊಳ್ಳಬೇಕಾದ ಮಾತನ್ನೇ ಹೇಳಿದ್ದಾರೆ. ನೀವಿಬ್ಬರೂ ಮರ್ಯಾದೆಯಿಂದ ಮಾತಾಡಿ. 1969ರ ಆಗಸ್ಟ್ 21ರಂದು ಯೇಸುವಿನ ಬರವನ್ನು ಬೇಗ ತರಿಸುತ್ತೇನೆಂದು ನಂಬಿದ ಆಸ್ಟ್ರೇಲಿಯಾದ ಡೆನಿಸ್ ಮೈಕೆಲ್ ರೋಹನ್ ಜೆರುಸಲೇಮಿನ ಅಲ್‌ಅಕ್ಸಾ ಮಸೀದಿಗೆ ಬೆಂಕಿ ಇಟ್ಟ. ಸಲಾಹುದ್ದೀನ್ ತಂದಿರಿಸಿದ್ದ ಮಿಂಬರ್ (ಪ್ರವಚನಪೀಠ) ಸುಟ್ಟುಹೋಯಿತು. 1979ರ ನವೆಂಬರ್ 20, ಹಿಜ್ರಿ 1400ರ ಮೊದಲ ದಿನ, ಸೌದಿಯ ಜುಹೈಮಾನ್ ಎಂಬವನ ಗುಂಪು ತನ್ನದೇ ಒಬ್ಬನನ್ನು ಮಹ್ದಿ ಎಂದು ಸಾರಿ ಮಕ್ಕಾದ ಹರಮ್ ಮಸೀದಿಯನ್ನು ಹಿಡಿದುಕೊಂಡಿತು. ಎರಡು ವಾರ ಗುಂಡು ಹಾರಿತು, ಆ ‘ಮಹ್ದಿ’ಯೂ ಅಲ್ಲೇ ಸತ್ತ. ಬದುಕಿರುವ ಒಬ್ಬನ ಮೇಲೆ ಈ ಹೆಸರು ಹಚ್ಚಿದರೆ ಆಗುವುದು ಇದು.

ಸದಸ್ಯ, ಮಂಗಳೂರು: ನಾನು ಯಾರಿಗೂ ಬೆಂಕಿ ಇಡಿ ಅನ್ನಲಿಲ್ಲ ಮೇಡಂ. ನೀವು ಒಂದು ಕಡೆ ವಾಲುತ್ತಿದ್ದೀರಿ.

ಸದಸ್ಯೆ, ತುಮಕೂರು: ಒಂಟಿಗಣ್ಣಿನ ಮಗು ಹುಟ್ಟಿದ ವಿಡಿಯೊ ನಿಜವೇ? ಎಲ್ಲರೂ ಕಳಿಸುತ್ತಿದ್ದಾರೆ.

ಮೇಡಂ: ಗರ್ಭದಲ್ಲಿ ಮಿದುಳು ಎರಡಾಗಿ ಬೇರ್ಪಡದೆ ಆಗುವ ವೈಕಲ್ಯ ಅದು. ಅಂಥ ಮಗು ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತೀರಿಕೊಳ್ಳುತ್ತದೆ. ಯಾವುದೋ ತಾಯಿಯ ಸಂಕಟವನ್ನು ಹಂಚುತ್ತಿದ್ದೀರಿ. ಈಗಲೇ ಅಳಿಸಿ.

ಸದಸ್ಯ, ರಾಯಚೂರು: ನನ್ನ ಪ್ರಶ್ನೆ ಬಾಕಿ ಇದೆ.

ಸದಸ್ಯೆ, ಹುಬ್ಬಳ್ಳಿ: ಮೇಡಂ, 2897 ಓದಿದ. ಶೈತಾನ ಕೂಗೋ ಸಾಲು ಚಾನೆಲ್‌ನ್ಯಾಗ ಇರಲೇ ಇಲ್ಲ ಅಂದ. ಆಮೇಲೆ ಮಾತೇ ಆಡವಲ್ಲ. ಏನ್ ಹೇಳ್ಲಿ?

ಮೇಡಂ: ಏನೂ ಹೇಳಬೇಡಿ. ಇನ್ನೇನು ಬಿಟ್ಟಿದ್ದಾರೆಂದು ಅವನೇ ಹುಡುಕಲಿ, ಪುಸ್ತಕ ಅವನ ಕೋಣೆಯಲ್ಲೇ ಇರಲಿ. ಊಟ ಕೊಟ್ಟು ಬನ್ನಿ. 1930ರ ದೂರಿನ ಸಂಖ್ಯೆ ಬಂತೇ?